ಹಲಸಿನ ಮುಳ್ಳಿನ ಹೊದಿಕೆ

ಆ ದಿನ ಮಾಡಿದ ಕೆಲಸಗಳನ್ನು ಈಗಲೂ ಸಾಲಾಗಿ ಹೇಳಬಲ್ಲೆ. ಅಂಗಳ ಗುಡಿಸಿದೆ. ಬಚ್ಚಲ ಹಂಡೆಗೆ ನೀರು ತುಂಬಿ ಒಲೆಗೆ ಗೇರಿನ ಒಣಸೊಪ್ಪು ತುರುಕಿದೆ. ದನ ಕರೆದೆ, ಹಾಲು ಎಂದಿಗಿಂತ ಸ್ವಲ್ಪ ಕಡಿಮೆ ಇತ್ತು. ದೋಸೆ ಹೊಯ್ದೆ, ಯಜಮಾನರಿಗೆ ಬುತ್ತಿ ಕಟ್ಟಿದೆ. ಅವರು ಸೈಕಲ್ ಹತ್ತಿ ಪುತ್ತೂರಿಗೆ ಹೋದರು. ಅತ್ತೆಯ ಮೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣಿಗೆ ಎಣ್ಣೆ ಮುಟ್ಟಿಸಿದೆ. ಅವರ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದೆ. ಗಂಜಿಯ ತಿಳಿ ಎರಡು ಚಮಚ ಕುಡಿಸಿದೆ, ಒಂದು ಚಮಚ ಹೊರಗೆ ಬಂತು. ಮೆಣಸು ಬಿಸಿಲಿಗೆ ಹರವಿದೆ. ಅಷ್ಟಾಗುವಾಗ ಹತ್ತು ಗಂಟೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರ್ನ್ ಹಾಕಿ ಹೋಯಿತು. ಆಮೇಲೆ ಕೈ ಒರಸಿಕೊಂಡು ಒಳಗೆ ಹೋಗಿ, ಪೆಟ್ಟಿಗೆ ತೆರೆದು, ಹೊದಿಕೆಯನ್ನು ಹೊರಗೆ ತೆಗೆದೆ.

ಆ ಹೊದಿಕೆಯನ್ನು ನಾನು ಮಗಳಿಗೆಂದು ಹೆಣೆದದ್ದು. ಅತ್ತೆಯ ಮೈಮೇಲೆ ಹಾಕಿದರೆ ಅದು ಮನೆಯಲ್ಲಿ ಉಳಿಯುವುದು ಕಷ್ಟ ಎಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ನಮ್ಮಲ್ಲಿ ಪ್ರಾಣ ಹೋಗುವಾಗ ಮೈಮೇಲೆ ಯಾವ ಬಟ್ಟೆ ಇರುತ್ತದೋ ಅದು ಆ ಜೀವಕ್ಕೆ ಸೇರಿದ್ದು. ಒಗೆದು ಮಡಚಿ ಇಟ್ಟುಕೊಳ್ಳುವಂತಿಲ್ಲ, ಶವದೊಡನೆ ಹೋಗಬೇಕು. ಹಾಗಾಗಿ ಯಾರಾದರೂ ಏಳದ ಹಾಗೆ ಮಲಗಿದರೆ, ಮನೆಯ ಹೆಂಗಸರು ಒಳ್ಳೆಯ ಚಾದರಗಳನ್ನು ಒಂದೊಂದಾಗಿ ತೆಗೆದು ಹಳೆಯದನ್ನು ಹೊದೆಸುತ್ತಾರೆ. ಒಗೆಯಲಿಕ್ಕೆ ಎಂದು ಒಯ್ದದ್ದು ತಿರುಗಿ ಬರುವುದಿಲ್ಲ. ಮಲಗಿದವರಿಗೆ ಇದು ತಿಳಿಯುತ್ತದೆ. ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಮನೆಯಲ್ಲೂ ದೀಪಾವಳಿ ಕಳೆದ ಮೇಲೆ ಹಾಗೆಯೇ ಆಗಿತ್ತು. ತೆಗೆದವಳು ನಾನೇ.

ಅರವತ್ತರ ದಶಕದ ನಡುವಿನ ಮಾತು. ನಾವು ಆಗ ಕೆದಂಬಾಡಿಯ ಗುಡ್ಡೆಯ ಬದಿಯಲ್ಲಿ ನಾಲ್ಕು ಗೇರುಮರ, ಒಂದು ದನ ಇಟ್ಟುಕೊಂಡು ಇದ್ದೆವು. ಯಜಮಾನರಿಗೆ ಪುತ್ತೂರಿನಲ್ಲಿ ಒಂದು ಬಸ್ಸಿನ ಕಚೇರಿಯಲ್ಲಿ ಟಿಕೆಟು ಬರೆಯುವ ಕೆಲಸ. ಅತ್ತೆ ಪಂಜದ ಮೂಲಮನೆಯಿಂದ ನಮ್ಮಲ್ಲಿಗೆ ಬಂದು ಆರು ವರ್ಷವಾಗಿತ್ತು. ಎರಡೂ ಕಣ್ಣಿನಲ್ಲಿ ಪೊರೆ ಬಂದು ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ತೆಂಗಿನ ಗರಿಯಿಂದ ಕಡ್ಡಿ ಸೀಳುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು ಎಲ್ಲವನ್ನೂ ಬೆರಳಿನಲ್ಲೇ ಮಾಡುತ್ತಿದ್ದರು. ನಾನು ಆರಿಸಿದ ಅಕ್ಕಿಯಲ್ಲೂ ಅವರಿಗೆ ಎರಡು ಕಲ್ಲು ಸಿಗುತ್ತಿತ್ತು. ಸಿಕ್ಕಿದ್ದನ್ನು ನನ್ನ ಅಂಗೈಯಲ್ಲಿ ಇಟ್ಟು, ನಿನಗೆ ಎರಡು ಕಣ್ಣು ಉಂಟಲ್ಲ, ಅದನ್ನು ಎಲ್ಲಿ ಇಟ್ಟಿದ್ದೀ ಎಂದು ಕೇಳುತ್ತಿದ್ದರು.

ಉಣ್ಣೆ ಬಂದದ್ದು ಮೈದುನನಿಂದ. ಅವರು ಮಿಲಿಟರಿಯಿಂದ ನಿವೃತ್ತಿಯಾಗಿ ಪಂಜದ ಮನೆ ಸೇರಿದಾಗ ಟ್ರಂಕಿನಲ್ಲಿ ನಾಲ್ಕು ಸ್ವೆಟರ್ ಇದ್ದವು. ಮೂರು ಹಸಿರು, ಒಂದು ಕಂದು. ನಮ್ಮ ಸೆಕೆಯಲ್ಲಿ ಅದನ್ನು ಹಾಕುವವರು ಯಾರು? ಒಂದು ವರ್ಷ ಇಟ್ಟು, ಒಂದರ ಮೊಣಕೈಯನ್ನು ಇಲಿ ತಿಂದ ಮೇಲೆ ತಂದು ನನಗೆ ಕೊಟ್ಟರು. ನೆಲ ಒರಸಲಿಕ್ಕೆ ಆದೀತು ಎಂದರು.

ಕೊಕ್ಕೆಕಡ್ಡಿಯಲ್ಲಿ ಹೆಣೆಯುವ ಕ್ರೋಶ ಹಾಕಲು ನನಗೆ ಕಲಿಸಿದವರು ಕೆಳಗಿನ ಮನೆಯ ಬಾಯಿ. ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತವರು, ಬಿಳಿ ನೂಲಿನಲ್ಲಿ ಮೇಜಿನ ಬಟ್ಟೆ, ದಿಂಬಿನ ಅಂಚು ಮಾಡುತ್ತಿದ್ದರು. ಸ್ವೆಟರ್ ನೋಡಿದವರೇ, ಇದನ್ನು ನೆಲಕ್ಕೆ ಹಾಕಿದರೆ ದೇವರು ಮೆಚ್ಚುವುದಿಲ್ಲ ಎಂದರು. ನೂಲಿನ ಕಡ್ಡಿ ಉಣ್ಣೆಗೆ ಸಣ್ಣದಾಗುತ್ತದೆಂದು ಬೈನೆಮರದ ಚಕ್ಕೆಯಲ್ಲಿ ದಪ್ಪದ ಒಂದು ಕೊಕ್ಕೆಕಡ್ಡಿ ಕೆತ್ತಿಸಿಕೊಟ್ಟರು. ನಾನು ಅದಕ್ಕೆ ಒಂದು ವಾರ ತೆಂಗಿನೆಣ್ಣೆ ತಿಕ್ಕಿ ನಯ ಮಾಡಿದೆ.

ಸ್ವೆಟರ್ ಬಿಚ್ಚುವುದಕ್ಕೆ ತಾಳ್ಮೆ ಬೇಕು. ಹೆಗಲಿನ ಹೊಲಿಗೆಯಲ್ಲಿ ಸರಿಯಾದ ಎಳೆ ಸಿಕ್ಕಿದರೆ ಸರಸರ ಬರುತ್ತದೆ, ಸಿಗದಿದ್ದರೆ ಗಂಟು. ಬಿಚ್ಚಿದ ಉಣ್ಣೆ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ, ಅದರಲ್ಲಿ ಹೆಣೆಯಲಿಕ್ಕೆ ಬರುವುದಿಲ್ಲ. ಸ್ಟೂಲನ್ನು ಬೋರಲು ಹಾಕಿ ನಾಲ್ಕು ಕಾಲಿಗೆ ಸುತ್ತಿ, ಲಡಿ ಕಟ್ಟಿ, ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆದು, ಕೆಳಗೆ ಒಂದು ಕಲ್ಲು ಕಟ್ಟಿ ತೂಗಹಾಕಬೇಕು. ಎರಡು ದಿನದಲ್ಲಿ ನೆಟ್ಟಗಾಗುತ್ತದೆ. ಮತ್ತೆ ಉಂಡೆ ಕಟ್ಟುವುದು. ಉಂಡೆ ಕಟ್ಟುವ ಕೆಲಸ ಅತ್ತೆಯದಾಯಿತು. ಉಣ್ಣೆ ತೆಳುವಾದಲ್ಲಿ ಅವರ ಬೆರಳು ನಿಲ್ಲುತ್ತಿತ್ತು. ಇದು ಮೊಣಕೈಯ ಜಾಗ, ಇದನ್ನು ನಡುವಿಗೆ ಹಾಕಬೇಡ ಎನ್ನುತ್ತಿದ್ದರು.

ಬಾಯಿಯ ಪುಸ್ತಕದಲ್ಲಿ ಗುಲಾಬಿ ಇತ್ತು, ಅನಾನಸು ಇತ್ತು. ಬಾಯಿ ಮಾಡಿದ ಒಂದು ಅನಾನಸಿನ ಮೇಜುಬಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆವು. ಅತ್ತೆ ಅದನ್ನು ಎರಡು ಸಲ ಸವರಿದರು.

"ಇದು ಬಲೆ. ಇದರಲ್ಲಿ ಮೀನು ಹಿಡಿಬಹುದು. ಮುಳ್ಳಿಲ್ಲದ ಅನಾನಸು ಎಂತ ಅನಾನಸು ಬಾಯಮ್ಮ?"

ಬಾಯಿಗೆ ನಗು ಬಂತು. ಹಾಗಾದರೆ ಮುಳ್ಳಿರುವುದನ್ನೇ ಮಾಡುವ ಎಂದು ಉಬ್ಬಿನ ಹೆಣಿಗೆ ತೋರಿಸಿಕೊಟ್ಟರು. ಉಣ್ಣೆಯನ್ನು ಕಡ್ಡಿಗೆ ಸುತ್ತಿ ಎಳೆಯುವ ಉದ್ದ ಹೆಣಿಗೆಗೆ ನಾವು ಕಂಬ ಎನ್ನುತ್ತಿದ್ದೆವು. ಒಂದೇ ತೂತಿನಲ್ಲಿ ಐದು ಕಂಬಗಳನ್ನು ಅರ್ಧರ್ಧ ಹೆಣೆದು, ಐದರ ತಲೆಯನ್ನೂ ಒಟ್ಟಿಗೆ ಕಟ್ಟಿದರೆ ಒಂದು ಗುಳ್ಳೆ ಏಳುತ್ತದೆ. ಹತ್ತಿರ ಹತ್ತಿರ ಹಾಕುತ್ತಾ ಹೋದರೆ ಎಳೆ ಹಲಸಿನ ಮೈ. ಬಣ್ಣವೂ ಮಿಲಿಟರಿಯದ್ದೇ ಹಸಿರು. ಬೇರೇನೂ ಮಾಡಬೇಕಾಗಿರಲಿಲ್ಲ. ನಡುನಡುವೆ ಕಂದು ಉಣ್ಣೆಯಲ್ಲಿ ಚಪ್ಪಟೆಯ ಎರಡು ಸಾಲು ಹಾಕಿದರೆ ಹಲಸಿನ ಮರದ ತೊಗಟೆಯಾಯಿತು. ಇನ್ನೊಂದು ಅನುಕೂಲ: ಹಳೆ ಉಣ್ಣೆ ಪದೇ ಪದೇ ತುಂಡಾಗುತ್ತಿತ್ತು, ಗಂಟುಗಳನ್ನೆಲ್ಲ ಗುಳ್ಳೆಯ ಹೊಟ್ಟೆಯೊಳಗೆ ಅಡಗಿಸಬಹುದಿತ್ತು.

ಮೊದಲು ನಾನು ಗುಳ್ಳೆಯ ಮೇಲೆ ಗುಳ್ಳೆ ಬರುವ ಹಾಗೆ ಹನ್ನೆರಡು ಸಾಲು ಹಾಕಿದ್ದೆ. ನೋಡಲಿಕ್ಕೆ ಚಂದವೇ ಇತ್ತು. ಅತ್ತೆ ಕೈಯಾಡಿಸಿ ನೋಡಿದರು. ಆಮೇಲೆ, ಮರದಿಂದ ಒಂದು ಎಳೆ ಹಲಸು ಕೊಯ್ದು ತಾ ಎಂದರು. ತಂದು ಮಂಚದ ಬದಿಯಲ್ಲಿಟ್ಟೆ. ಒಂದು ಕೈ ಕಾಯಿಯ ಮೇಲೆ, ಒಂದು ಕೈ ಹೆಣಿಗೆಯ ಮೇಲೆ.

"ಹಲಸಿನ ಮುಳ್ಳು ಸಾಲಲ್ಲಿ ನಿಲ್ಲುದಿಲ್ಲ ಕೂಸೇ. ಕೆಳಗಿನ ಎರಡರ ಸಂದಿಯಲ್ಲಿ ಮೇಲಿನದ್ದು ಕೂತ್ಕೊಳ್ತದೆ. ನೀನು ಶಾಲೆ ಮಕ್ಕಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದ್ದೀಯಲ್ಲ."

ಐವತ್ತು ಹತ್ತಿರ ಬಂದ ನನ್ನನ್ನು ಅವರು ಕೂಸು ಎನ್ನುತ್ತಿದ್ದದ್ದು ಪ್ರೀತಿಗೋ ರೂಢಿಗೋ ಹೇಳಲಾರೆ. ಹನ್ನೆರಡು ಸಾಲನ್ನೂ ಬಿಚ್ಚಿದೆ. ಆ ಹಲಸನ್ನು ಮರುದಿನ ಪಲ್ಯ ಮಾಡಿದೆ.

ಹೀಗೆ ಹತ್ತು ತಿಂಗಳು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಂದು ಗಂಟೆ, ಎರಡು ಗಂಟೆ, ಅತ್ತೆಯ ಮಂಚದ ಹತ್ತಿರ ಕೂತು ಹೆಣೆಯುತ್ತಿದ್ದೆ. ಅವರು ಮುಗಿದ ತುದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಗುಳ್ಳೆ ಎಣಿಸುತ್ತಿದ್ದರು. ನಾವು ಹೆಚ್ಚು ಮಾತಾಡುತ್ತಿದ್ದೆವೆಂದು ಹೇಳಿದರೆ ಸುಳ್ಳಾಗುತ್ತದೆ. ಅವರಿಗೆ ನನ್ನ ಮೇಲೆ ಹಳೆಯ ಕೋಪಗಳಿದ್ದವು, ನನಗೂ ಇದ್ದವು. ಹೆಣೆಯುವಾಗ ಅದರ ಮಾತು ಬರುತ್ತಿರಲಿಲ್ಲ, ಅಷ್ಟೇ.

ಮಗಳನ್ನು ಸುಳ್ಯದಿಂದಾಚೆ, ಘಟ್ಟದ ಮೇಲೆ ಕೊಟ್ಟಿದ್ದೆವು. ಅಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ ಎಂದು ಕಾಗದ ಬರೆಯುತ್ತಿದ್ದಳು. ಅತ್ತೆ ತೀರಿಕೊಳ್ಳುವಾಗ ಅವಳಿಗೆ ಬಸಿರಿನ ಏಳು ತಿಂಗಳು. ಹೆರಿಗೆಗೆ ನಮ್ಮಲ್ಲಿಗೆ ಬಂದು, ಮಗುವಿನೊಡನೆ ತಿರುಗಿ ಹೋಗುವಾಗ ಈ ಹೊದಿಕೆ ಕೊಡುವುದೆಂದು ಅವಳಿಗೆ ಬರೆದೂ ಆಗಿತ್ತು. ಅಂಥ ಉಣ್ಣೆ ಮತ್ತೆ ನಮಗೆ ಸಿಗುವ ಹಾಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಬಿದ್ದರು. ಮತ್ತೆ ಏಳಲಿಲ್ಲ. ಧನು ತಿಂಗಳಲ್ಲಿ ಊಟ ನಿಂತಿತು. ಡಾಕ್ಟರು ಬಂದು ನೋಡಿ, ಇನ್ನು ಸೂಜಿ ಚುಚ್ಚಿ ನೋಯಿಸುವುದು ಬೇಡ ಎಂದು ಹೋದರು. ಪಂಜದಿಂದ ಯಜಮಾನರ ಅಕ್ಕ, ನನ್ನ ಅತ್ತಿಗೆ, ಬಂದು ನಮ್ಮಲ್ಲೇ ನಿಂತರು. ಕ್ರಮ ತಿಳಿದ ಹೆಂಗಸು. ಯಾವ ಮನೆಯಲ್ಲಿ ಯಾರು ಯಾವ ಕ್ರಮ ತಪ್ಪಿಸಿದರು ಎಂಬುದು ಅವರಿಗೆ ಬಾಯಿಪಾಠ.

ಆ ವರ್ಷ ಚಳಿ ಹೆಚ್ಚು. ಬೆಳಿಗ್ಗೆ ಗುಡ್ಡೆಯೇ ಕಾಣದಷ್ಟು ಮಂಜು. ಅತ್ತೆಗೆ ಮೂರು ಹಳೆ ಚಾದರ ಹೊದೆಸಿದರೂ ನಡುಕ ನಿಲ್ಲುತ್ತಿರಲಿಲ್ಲ. ಒರಟು ಕಂಬಳಿ ಹಾಕಿದರೆ ಚರ್ಮ ಕೆಂಪಾಗಿ ಏಳುತ್ತಿತ್ತು, ಅದನ್ನು ತೆಗೆದೆವು. ತೀರಿಕೊಳ್ಳುವ ನಾಲ್ಕು ದಿನ ಮೊದಲು ಅವರು ಬಾಯಿ ಬಿಟ್ಟು ಕೇಳಿದರು, ಆ ಹಲಸಿನದ್ದನ್ನು ಸ್ವಲ್ಪ ಹೊದೆಸುತ್ತೀಯಾ ಎಂದು. ಇನ್ನೂ ಅಂಚು ಮುಗಿಯಲಿಲ್ಲ ಅತ್ತೆ ಎಂದೆ. ಅಂಚು ಮುಗಿದು, ಕೊನೆಯ ಎಳೆ ಒಳಗೆ ಸೇರಿಸಿ, ಮಡಚಿ ಪೆಟ್ಟಿಗೆಯಲ್ಲಿ ಇಟ್ಟು ಎರಡು ದಿನವಾಗಿತ್ತು. ಅವರು ಹೂಂ ಎಂದರು, ಮತ್ತೆ ಕೇಳಲಿಲ್ಲ.

ಅತ್ತಿಗೆ ಅಡುಗೆಮನೆಯಲ್ಲಿ ನನಗೆ ಹೇಳಿದರು, ಹಾಕಬೇಡ, ಹಾಕಿದರೆ ಅದು ಹೋಯಿತೆಂದೇ ಲೆಕ್ಕ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಕೊಡಬೇಕಾದ ವಸ್ತು ಅದು. ಬಾಯಿ ಅವತ್ತೇ ಸಂಜೆ ನೋಡಲು ಬಂದು, ಚಳಿಗೆ ಮಾಡಿದ್ದನ್ನು ಪೆಟ್ಟಿಗೆಗೆ ಹೊದೆಸಿದ್ದೀರಾ ಅಕ್ಕ ಎಂದರು. ಯಜಮಾನರನ್ನು ಕೇಳಿದೆ. ನಿಮ್ಮ ಹೆಂಗಸರ ಸಂಗತಿ ನನಗೆ ತಿಳಿಯುವುದಿಲ್ಲ ಎಂದು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತರು. ನಾನು ಮೂರು ದಿನ ಎಂದಿನ ಕೆಲಸ ಮಾಡಿದೆ. ನನಗೆ ಸಂಕಟವಾಯಿತು, ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯಬಹುದು. ನಿದ್ದೆ ಬರಲಿಲ್ಲ ನಿಜ, ಅದು ಅವರ ಮಗ್ಗುಲು ಬದಲಿಸಲಿಕ್ಕೆ ಏಳಬೇಕಾದ್ದರಿಂದ. ಸಂಕಟವೆನ್ನುವುದು ಎಲ್ಲೋ ಗೋಡೆಯಾಚೆ ಇದ್ದ ಹಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮೈ ಒರಸುವಾಗ ಅತ್ತೆ ಹೇಳಿದರು:

"ನಿನ್ನ ಬಳೆ ಸದ್ದು ಕೇಳದೆ ವಾರ ಆಯ್ತಲ್ಲ ಕೂಸೇ. ಹೆಣೆಯುದು ಮುಗಿದಿದೆ ಅಲ್ವಾ?"

ಕಡ್ಡಿ ಎಳೆಯುವಾಗ ನನ್ನ ಗಾಜಿನ ಬಳೆ ಸದ್ದಾಗುತ್ತಿತ್ತು. ಅದನ್ನು ನಾನು ಯೋಚಿಸಿರಲಿಲ್ಲ. ಮುಗಿದಿದೆ ಎಂದೆ. ಅವರು ಬೈಯಲಿಲ್ಲ. ತಾನೂ ತನ್ನ ಅತ್ತೆಗೆ ಹರಿದದ್ದನ್ನೇ ಹೊದೆಸಿದ್ದು ಎಂದರು. ಆಗ ಆಟಿ ತಿಂಗಳ ಮಳೆ, ಗೋಡೆ ಸಂದಿಯಿಂದ ಗಾಳಿ ಬರುತ್ತಿತ್ತು ಎಂದರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದರು:

"ಹೊದೆಸು. ಉಸಿರು ನಿಲ್ಲುದರ ಒಳಗೆ ತೆಗೆದುಬಿಡು. ನೀನು ಹತ್ತಿರ ಕೂತ್ಕೊಂಡ್ರೆ ಗೊತ್ತಾಗ್ತದೆ."

ಹಾಗೆ ನಾನು ಉಳಿದ ಕೆಲಸ ಮುಗಿಸಿ, ಹತ್ತು ಗಂಟೆಗೆ ಹೊದಿಕೆ ತಂದು ಹಳೆಯ ಚಾದರಗಳನ್ನು ತೆಗೆದು ಅವರ ಮೇಲೆ ಹರಡಿದೆ. ಅತ್ತಿಗೆ ಆಗ ಸ್ನಾನಕ್ಕೆ ಹೋಗಿದ್ದರು, ಅಲ್ಲಿಂದ ನೇರ ಅಡುಗೆಮನೆ ಸೇರಿದರು. ಅತ್ತೆಯ ಕೈ ಹೊದಿಕೆಯ ಮೇಲೆ ನಾಲ್ಕು ಬೆರಳಿನಷ್ಟು ಆಚೆ ಈಚೆ ಹೋಯಿತು. ಬೆಚ್ಚ ಉಂಟು ಎಂದರು. ಅದಾದ ಮೇಲೆ ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು.

ನಾನು ಮಂಚದ ಬದಿಯಲ್ಲಿ ಕೂತು ಹೊದಿಕೆಯ ಅಂಚನ್ನು ಹಿಡಿದುಕೊಂಡೆ. ಮಾಡಬೇಕಾದ ಕೆಲಸ ಅದು: ಉಸಿರು ನೋಡುತ್ತಿರುವುದು, ಕೊನೆಯದ್ದು ಅನಿಸಿದಾಗ ಎಳೆಯುವುದು. ಹಾಲು ಉಕ್ಕುವುದನ್ನು ಕಾಯುವ ಹಾಗೆ ಕಾದೆ. ಹನ್ನೆರಡರ ಸುಮಾರಿಗೆ ಉಸಿರು ನಿಂತೇ ಹೋಯಿತು ಅನಿಸಿತು. ಎದೆಯಿಂದ ಸೊಂಟದವರೆಗೆ ಎಳೆದೆ. ಆಗ ಗೊರಕೆಯ ಹಾಗೆ ಉಸಿರು ಮತ್ತೆ ಬಂತು, ಬರಿಯ ತೋಳಿನಲ್ಲಿ ನಡುಕ ಎದ್ದಿತು, ಅವರ ಕೈ ಹೊದಿಕೆಯನ್ನು ಹುಡುಕಿತು. ತಿರುಗಿ ಹೊದೆಸಿದೆ. ಇನ್ನೊಂದು ಸಲವೂ ಹಾಗೆಯೇ ಆಯಿತು. ಆ ಸಲ ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅತ್ತಿಗೆ ಹೊರಗೆ ಹೋದರು. ಮನೆಯ ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರನ್ನು ಕರೆದು ಪುತ್ತೂರಿನ ಕಚೇರಿಗೆ ಸುದ್ದಿ ಮುಟ್ಟಿಸಲು ಹೇಳಿ ಬಂದರು. ಮಂಚದ ಆಚೆ ಬದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಕಳೆದು ಅವರೂ ಆ ಕಡೆಯ ಅಂಚನ್ನು ಹಿಡಿದುಕೊಂಡರು. ಒಣಗಿದ ಸೀರೆ ಮಡಚಲು ಇಬ್ಬರು ಹೆಂಗಸರು ಎದುರೆದುರು ನಿಂತ ಹಾಗೆ ನಾವು ಕೂತಿದ್ದೆವು. ಹೊರಗೆ ಕಾಗೆ ಮೆಣಸಿನ ಮೇಲೆ ಇಳಿದದ್ದು ಕೇಳಿಸಿತು. ಇಬ್ಬರೂ ಏಳಲಿಲ್ಲ.

ಎರಡು ಗಂಟೆಯಾಗಿರಬಹುದು. ಉಸಿರು ಉದ್ದವಾಯಿತು, ನಡುವಿನ ಸಂದು ಇನ್ನೂ ಉದ್ದವಾಯಿತು. ಅತ್ತಿಗೆ ಇಂಥದ್ದನ್ನು ನಾಲ್ಕಾರು ಮನೆಯಲ್ಲಿ ನೋಡಿದವರು. ನನ್ನ ಕಡೆ ಗಲ್ಲ ಎತ್ತಿದರು.

"ಈಗ ತೆಗಿ."

ನನಗೂ ಅದು ಈಗಲೇ ಎಂದು ಗೊತ್ತಾಗಿತ್ತು. ಕೈ ಅಂಚಿನ ಮೇಲೆಯೇ ಇತ್ತು. ಎಳೆಯಲಿಲ್ಲ. ಯಾಕೆ ಎಂದು ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಪ್ರೀತಿ ಉಕ್ಕಿತು ಎಂದರೆ ಸುಳ್ಳು. ಮಗಳ ನೆನಪೂ ಆ ಹೊತ್ತಿನಲ್ಲಿ ಬರಲಿಲ್ಲ. ಎರಡು ಸಲ ಎಳೆದಾಗ ಆ ತೋಳಿನಲ್ಲಿ ಎದ್ದ ನಡುಕವನ್ನು ಮೂರನೆಯ ಸಲ ನೋಡಬೇಕಾಗುತ್ತದಲ್ಲ ಎಂದೇ ಇರಬೇಕು, ಅಷ್ಟೇ. ಅತ್ತಿಗೆ ನನ್ನ ಮುಖ ನೋಡಿದರು. ಆಮೇಲೆ ತನ್ನ ಕಡೆಯ ಅಂಚನ್ನು ಬಿಟ್ಟು, ತುಳಸಿ ಹಾಕಿದ ನೀರನ್ನು ಅತ್ತೆಯ ಬಾಯಿಗೆ ಒಂದು ಹನಿ ಬಿಟ್ಟರು. ಅದು ಒಳಗೆ ಹೋಗಲಿಲ್ಲ.

ಅತ್ತಿಗೆ ಎದ್ದು ಕಣ್ಣು ಮುಚ್ಚಿಸಿದರು. ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡಿದರು. ಯಾರೂ ಬಂದಿರಲಿಲ್ಲ. ಅವರು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ನಾನು ಎಣಿಸಿರಲಿಲ್ಲ.

"ಯಾರೂ ನೋಡ್ಲಿಲ್ಲ. ಮಡಚಿ ಒಳಗೆ ಇಡು. ನಾನು ಹೇಳುವವಳಲ್ಲ."

"ಬೇಡ ಅತ್ತಿಗೆ. ಇರಲಿ."

"ಮಗಳಿಗೆ ಎಂತ ಹೇಳ್ತೀ?"

"ಅಜ್ಜಿಗೆ ಚಳಿ ಆಗ್ತಿತ್ತು ಅಂತ ಹೇಳುದು."

ಅವರು ಆಗ ಅಳಲು ಸುರು ಮಾಡಿದರು. ದೊಡ್ಡದಾಗಿ, ಕ್ರಮಪ್ರಕಾರ, ಕೆಳಗಿನ ಮನೆಗೂ ಕೇಳುವ ಹಾಗೆ. ಬಾಯಿ ಓಡಿಬಂದರು, ಮಂಚದ ಕಾಲಬುಡದಲ್ಲಿ ನಿಂತು ಹೊದಿಕೆ ನೋಡಿದರು, ನನ್ನ ಕೈ ಹಿಡಿದುಕೊಂಡರು. ನನ್ನ ಬೆರಳುಗಳು ಮಡಚಿಕೊಂಡೇ ಇದ್ದವು, ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಅಳು ಬರಲಿಲ್ಲ. ಮೆಣಸು ಒಳಗೆ ತಂದೆ.

ಯಜಮಾನರು ಬಂದರು. ಪಂಜಕ್ಕೆ ಸುದ್ದಿ ಮುಟ್ಟಿ ಮೈದುನ ಬರುವಾಗ ಮರುದಿನವಾದೀತೆಂದು ಕಾಯಲಿಲ್ಲ. ಮೇಲಿನ ಮನೆಯ ನಮ್ಮವರು ಬಂದು ಚಿತೆಗೆಂದು ಬೇಲಿ ಬದಿಯ ಮಾವಿನ ಗೆಲ್ಲು ಕಡಿದರು. ಅತ್ತೆಯನ್ನು ಮೀಯಿಸಿ, ಹೊಸ ಬಟ್ಟೆ ಸುತ್ತಿ, ಅದರ ಮೇಲೆ ಹೊದಿಕೆ ಹಾಕಿದೆವು. ಅಂಗಳದಲ್ಲಿ ಒಬ್ಬರು, ಇದು ಉಣ್ಣೆ, ಉರಿಯುವಾಗ ನಾತ ಬರುತ್ತದೆ, ಬೇಕಾ ಎಂದು ಕೇಳಿದರು. ಅತ್ತಿಗೆ, ಮೈಮೇಲಿದ್ದದ್ದು, ಹೋಗಲೇಬೇಕು ಎಂದರು. ಯಜಮಾನರು ಹೊದಿಕೆಯನ್ನು ನೋಡಿದರು, ನನ್ನನ್ನು ನೋಡಿದರು, ಕೆಂಡದ ಮಡಕೆ ಎತ್ತಿಕೊಂಡರು. ನಾಲ್ವರು ಎತ್ತುವಾಗ ಒಂದು ಬದಿ ಜಾರಿತು. ನಾನು ಹೋಗಿ ಸರಿಮಾಡಿದೆ.

ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಕ್ರಮವಿಲ್ಲ. ನಾವು ಮಂಚವನ್ನು ಹೊರಗೆ ಹಾಕಿ ನೀರು ಹೊಯ್ದೆವು, ನೆಲ ಸಾರಿಸಿದೆವು. ಬಿಸಿಲು ಇಳಿಯುವಾಗ ಗೇರುಮರಗಳ ಆಚೆಯಿಂದ ಕೂದಲು ಸುಟ್ಟ ವಾಸನೆ ಬಂತು. ಕೋಳಿಯ ಪುಕ್ಕ ಸುಟ್ಟ ಹಾಗೆಯೂ ಇತ್ತು. ಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಸಾರಿಸುವುದನ್ನು ಬಾಗಿಲವರೆಗೆ ಮುಗಿಸಿದೆ.

ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಎಲ್ಲರ ಸ್ನಾನ ಆದ ಮೇಲೆ ಮೇಲಿನ ಮನೆಯಿಂದ ಕುಚ್ಚಿಲಕ್ಕಿ ಗಂಜಿ ಬಂತು, ಜೊತೆಗೆ ಉಪ್ಪು ಮತ್ತು ನೆಲ್ಲಿಕಾಯಿಯ ಉಪ್ಪಿನಕಾಯಿ. ಯಜಮಾನರು ಒಂದು ಬಟ್ಟಲು ಕುಡಿದು ಜಗಲಿಯಲ್ಲಿ ಕೂತರು. ಅತ್ತಿಗೆ ಅರ್ಧ ಕುಡಿದು ಇಟ್ಟರು, ಸೇರುವುದಿಲ್ಲ ಎಂದರು. ನಾನು ಎರಡು ಬಟ್ಟಲು ಕುಡಿದೆ, ಅತ್ತಿಗೆ ಬಿಟ್ಟದ್ದನ್ನೂ ಕುಡಿದೆ. ಮಗಳಿಗೆ ಕಾಗದ ಬರೆಯಬೇಕು, ಹೊದಿಕೆಯ ಸಂಗತಿ ಅದರಲ್ಲೇ ಬರೆದುಬಿಡು ಎಂದು ಅತ್ತಿಗೆ ಹೇಳುತ್ತಿದ್ದದ್ದು ಅರ್ಧ ಕೇಳಿಸಿತು. ಮೂವರಲ್ಲಿ ಮೊದಲು ನಿದ್ದೆ ಹೋದದ್ದು ನಾನು.